ಕಪ್ಪುಗೂದಲಿನ ಗೌರಜ್ಜಿ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹಗಲು ಹೊತ್ತು ಮಗ್ಗದ ಸದ್ದು ನಿಂತರೆ, ಯಾರ ಮನೆಯಲ್ಲಿ ಏನಾಯಿತೋ ಎಂದು ಜನ ಹೊರಗೆ ಬಂದು ನೋಡುತ್ತಿದ್ದ ಕಾಲ ಅದು. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ನನಗೆ ಹನ್ನೊಂದು ವರ್ಷ. ಅವರೆಕಾಯಿಯ ಸೊಗಡೂ ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆಯೂ ಬೆರೆತು ಮನೆಯೆಲ್ಲ ತುಂಬಿರುತ್ತಿತ್ತು.

ನಮ್ಮ ಗುಂಡಿಮಗ್ಗವನ್ನು ಹೂಡಿದವಳು ಅಪ್ಪನ ತಾಯಿ ಗೌರಜ್ಜಿ. ಗಂಡ ಸತ್ತ ಮೇಲೆ ತಾನೇ ಗುಂಡಿಗಿಳಿದು ನೇಯ್ದು, ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಆದರೆ ನಮ್ಮ ಸೀರೆಗಳಿಗೆ ಬೆಂಗಳೂರು ಪೇಟೆಯ ಸಾಹುಕಾರರು ತಮ್ಮ ಅಂಗಡಿಯ ಚೀಟಿ ಅಂಟಿಸಿ ಮಾರುತ್ತಿದ್ದರು.

"ಒಂದ್ಸಲನಾದ್ರೂ ನನ್ ಹೆಸ್ರಲ್ಲಿ ಹೋಗ್ಲಿ ಕಣೋ. ಕಣ್ಣು ಕಾಣೋವಾಗ್ಲೇ ನೋಡ್ಬೇಕು," ಎಂದಳು ಅಜ್ಜಿ ಒಂದು ದಿನ ಅಪ್ಪನಿಗೆ. ಅವಳಿಗಾಗಲೇ ಪೊರೆ ಬರುತ್ತಿತ್ತು.

ಅಪ್ಪ ಸಾಹುಕಾರರನ್ನು ಹೇಗೋ ಒಪ್ಪಿಸಿಬಂದ. ಶುಕ್ರವಾರ ನಮ್ಮ ಚೀಟಿ ಅಂಟಿಸಿಕೊಂಡೇ ಸೀರೆ ತರಬೇಕು, ಇಲ್ಲದಿದ್ದರೆ ಆ ಮಾತೇ ಬೇಡ ಎಂದಿದ್ದರಂತೆ.

"ಚೀಟಿ ನಾನ್ ಮಾಡ್ತೀನಿ," ಎಂದೆ. ಮರದ ತುಂಡಿನ ಮೇಲೆ ಅಜ್ಜಿಯ ಹೆಸರು ಕೆತ್ತಿ, ಮಸಿ ಬಳಿದು ಕಾಗದಕ್ಕೆ ಒತ್ತಿದೆ. ಅಕ್ಷರಗಳೆಲ್ಲ ಹಿಂದುಮುಂದಾಗಿ ಬಂದವು.

"ಇದೇನ್ ಮಗ್ಳೇ, ತೆಲುಗಾ?" ಎಂದ ಅಪ್ಪ.

"ತೆಲುಗಿನೋರೂ ಓದಕ್ಕಾಗಲ್ಲ ಬಿಡಣ್ಣ," ಎಂದು ಚಿಕ್ಕಪ್ಪ ನಕ್ಕ. ಸಿಟ್ಟಿಗೆ ನನಗೆ ಅಳುವೇ ಬಂತು. ಉಳಿಯನ್ನು ಮಾತ್ರ ಕೆಳಗಿಡಲಿಲ್ಲ.

ಚಿಕ್ಕಪ್ಪನ ಬಳಿ ಒಂದು ಡಬ್ಬಿ ಕ್ಯಾಮೆರಾ ಇತ್ತು. ಯುದ್ಧದ ದೆಸೆಯಿಂದ ಫಿಲ್ಮು ಸಿಗುತ್ತಿರಲಿಲ್ಲ. ಅವನ ಸುರುಳಿಯಲ್ಲಿ ಒಂದೇ ಒಂದು ಚಿತ್ರಕ್ಕೆ ಜಾಗ ಉಳಿದಿತ್ತು. ನನ್ನ ಸ್ಲೇಟಿನ ಮೇಲೆ ಬಳಪದಲ್ಲಿ 'ಗೌರಮ್ಮ' ಎಂದು ದಪ್ಪಗೆ ಬರೆಸಿ, ಅದನ್ನು ಅಜ್ಜಿಯ ಕೈಗೆ ಕೊಟ್ಟು, ಅಂಗಳದ ಬಿಸಿಲಿನಲ್ಲಿ ಕೂರಿಸಿ ಆ ಒಂದನ್ನು ತೆಗೆದುಬಿಟ್ಟ. ಆಮೇಲೆ ಫಿಲ್ಮು ತೊಳೆಯುವ ಔಷಧಿಯ ಬೋಗುಣಿಗಳ ಜೊತೆ ಮಗ್ಗದ ಗುಂಡಿಗಿಳಿದು, ಬೆಳಕು ಬೀಳದಂತೆ ಮೇಲೆ ಎರಡು ಕಂಬಳಿ ಮುಚ್ಚಿಸಿಕೊಂಡ. ಮೂಗು ಉರಿಯುವಂಥ ವಾಸನೆ. ಬೆವೆತು ಮೇಲೆ ಬಂದವನು ಅಂಗೈಯಗಲದ ಫಿಲ್ಮನ್ನು ನೂಲಿನ ಹುರಿಗೆ ನೇತುಹಾಕಿದ.

"ಒಣಗಿದ್ ಮೇಲೆ ಮಗುಚಿ ಹಿಡ್ಕೋ. ಅಕ್ಷರ ತಿರುಗ್ತದೆ. ಕಂಡ್ ಹಂಗೇ ಕೆತ್ತು, ಒತ್ತಿದಾಗ ನೆಟ್ಟಗಾಗ್ತದೆ."

ಹೆಸರನ್ನಷ್ಟೇ ಅಲ್ಲ, ಅಜ್ಜಿಯ ಮುಖವನ್ನೂ ಕಂಡ ಹಾಗೆಯೇ ಕೆತ್ತಿದೆ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಣ್ಣೆ ಸವರಿದ ಕಾಗದಕ್ಕೆ ಗೆರೆ ಇಳಿಸಿ, ಮರಕ್ಕೆ ಅಂಟಿಸಿದೆ. ಕಪ್ಪಿದ್ದುದನ್ನು ಉಳಿಸಿದೆ, ಬೆಳ್ಳಗಿದ್ದುದನ್ನು ತೋಡಿ ತೆಗೆದೆ. ಗೆಳತಿಯರು ಕುಂಟೆಬಿಲ್ಲೆಗೆ ಕರೆದರೂ ಏಳಲಿಲ್ಲ. ಹೆಬ್ಬೆರಳಿಗೆ ಉಳಿ ಬಿದ್ದಾಗ ಅರಿಶಿನ ಒತ್ತಿಕೊಂಡು ಮುಂದುವರಿಸಿದೆ. ಮೂರು ಹಗಲು ಹಿಡಿಯಿತು.

ಗುರುವಾರ ಸಂಜೆ ಒತ್ತಿ ನೋಡಿದರೆ ಹೆಸರು ನೆಟ್ಟಗೆ ಬಂದಿತ್ತು. ಆದರೆ ಅಜ್ಜಿಯ ನರೆತ ತಲೆ ಕಾಡಿಗೆಗಪ್ಪು, ಎಣ್ಣೆಗಪ್ಪಿನ ಮುಖ ಬೆಳ್ಳಗೆ! ಎಡಬಲ ಸರಿಮಾಡುವ ಹಠದಲ್ಲಿ, ಫಿಲ್ಮು ಕಪ್ಪುಬಿಳುಪನ್ನೂ ತಿರುಗಿಸುತ್ತದೆ ಎಂಬುದನ್ನೇ ಮರೆತಿದ್ದೆ. ಇನ್ನೊಂದು ಕೆತ್ತಲು ಹೊತ್ತಿರಲಿಲ್ಲ.

"ಇದು ನಮ್ಮವ್ವ ಅಲ್ಲ," ಎಂದ ಅಪ್ಪ.

ಅಜ್ಜಿ ಚೀಟಿಯನ್ನು ಬಾಗಿಲ ಬೆಳಕಿಗೆ ಒಯ್ದು, ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಬಣ್ಣ ನಂದಲ್ಲ. ಕೂದ್ಲು ಮಾತ್ರ ನಂದೇ ಕಣೋ. ಮಗ್ಗ ಹೂಡ್ದಾಗ ಹಿಂಗೇ ಇದ್ದೆ. ಅಂಟ್ಸು."

ಮರುದಿನ ಅಪ್ಪ ಅಷ್ಟೂ ಸೀರೆಗಳಿಗೆ ಅದನ್ನೇ ಅಂಟಿಸಿಕೊಂಡು ರೈಲು ಹತ್ತಿದ.

ಮುಂದೆ ನಾನು ಬೆಂಗಳೂರಿನ ಅಚ್ಚುಕೂಟಗಳಿಗೆ ಲೇಬಲ್ಲು, ರಕ್ಷಾಪುಟ ಬರೆದುಕೊಟ್ಟೇ ಬದುಕಿದೆ. ಏನೇ ಬರೆದರೂ ಒಮ್ಮೆ ಮಗುಚಿ ಕಿಟಕಿಗೆ ಹಿಡಿದು ನೋಡದೆ ಕೊಟ್ಟವಳಲ್ಲ. ಈಗಿನವರು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ತಿರುಗಿಸುತ್ತಾರೆ. ಅವರ ಹೆಬ್ಬೆರಳಿಗೆ ಗಾಯವಾಗುವುದಿಲ್ಲ, ಸಂತೋಷವೇ. ನಮ್ಮ ಮಗ್ಗದ ಗುಂಡಿ ಮುಚ್ಚಿ ಎಷ್ಟೋ ಕಾಲವಾಯಿತು. ಆ ಫಿಲ್ಮಿನಿಂದ ಒಂದು ಫೋಟೋ ಹಾಕಿಸಬೇಕು ಎನ್ನುತ್ತಲೇ ಇದ್ದೆವು. ಅದು ತಗಡಿನ ಡಬ್ಬಿಯಲ್ಲಿ ಬೂಷ್ಟು ಹಿಡಿದು ಅಳಿಸಿಹೋಯಿತು. ಉಳಿದಿರುವುದು ಒಂದು ಚೀಟಿ. ಮನೆಯ ಮಕ್ಕಳು ಅದನ್ನು ನೋಡಿ, "ಪಾಪ, ಇಷ್ಟು ಚಿಕ್ಕ ವಯಸ್ಸಿಗೇ ಹೋಗ್ಬಿಟ್ರಾ?" ಎಂದು ಕೇಳುತ್ತಾರೆ. ಗೌರಜ್ಜಿಯ ಬಿಳಿಗೂದಲನ್ನು ಕಂಡವಳು ಈಗ ನಾನೊಬ್ಬಳೇ.