ಮಾವ ತುಂಬುವ ಗಾಳಿ

ನಮ್ಮ ಮಾವನವರಿಗೆ ಟೈರು ಅಂದರೆ ಕಲ್ಲಿನ ಹಾಗಿರಬೇಕು. ವಯಸ್ಸಿದ್ದಾಗ ಸೈಕಲ್ಲಿಗೆ ತೊಗರಿ ಚೀಲ ಹೇರಿಕೊಂಡು ನಾರಾಯಣಖೇಡಿನ ಬಜಾರಿಗೆ ಹೋಗುತ್ತಿದ್ದವರು; ಗಾಳಿ ಕಡಿಮೆಯಾದರೆ ಚೀಲ ಸಮೇತ ಹೊರಳುವ ಭಯ. ಈಗ ಚೀಲವಿಲ್ಲ, ಪಂಪು ಉಳಿದಿದೆ. ದಿನಾ ಬೆಳಿಗ್ಗೆ ನನ್ನ ಸೈಕಲ್ಲಿಗೆ ಗಾಳಿ ಹೊಡೆದು, ಹೆಬ್ಬೆರಳಿನಿಂದ ಒತ್ತಿ, "ಈಗ ಗಟ್ಟಿ ಆತು, ಹೋಗ್ ಯವ್ವಾ" ಎನ್ನುತ್ತಿದ್ದರು.

ಅವರ ಸೈಕಲ್ಲಿನದು ದಪ್ಪ ಟೈರು, ಮೇಲೆ ಭಾರ. ನನ್ನದು ತೆಳ್ಳನೆಯದು, ಹಿಂದೆ ಕೂರುವವಳು ನನ್ನ ಜೊತೆ ಬಾಲವಾಡಿಗೆ ಬರುವ ಮಗಳು. ಕಲ್ಹೇರಿನ ಡಾಂಬರು ರಸ್ತೆಯಲ್ಲಿ ಗಟ್ಟಿ ಟೈರು ತಾನೇ ಓಡುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ನಾನು ಕಲಿಸುವ ಶಾಲೆ ಇರುವುದು ಮುರುಮಿನ, ಅಂದರೆ ಸಡಿಲ ಹರಳುಮಣ್ಣಿನ, ಇಳಿಜಾರಿನ ಕೆಳಗೆ. ಅಲ್ಲಿ ಅದೇ ಟೈರು ಹರಳಿನ ಮೇಲೆ ಪುಟಿದು ಪಕ್ಕಕ್ಕೆ ಜಾರಿತೆಂದರೆ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಕಾಲು ಕೊಟ್ಟು ಹೇಗೋ ನಿಂತೆ. ಮಗಳು ನಕ್ಕಳು, ನಾನು ಉಳಿದ ಇಳಿಜಾರನ್ನು ಸೈಕಲ್ ತಳ್ಳಿಕೊಂಡೇ ಇಳಿದೆ.

ಮಾವನವರಿಗೆ ಹೇಳುವುದು ಹೇಗೆ? ಮದುವೆಯಾದಾಗಿನಿಂದ ಅವರೆದುರು "ಹೂಂರಿ" ಬಿಟ್ಟು ಬೇರೆ ಮಾತಾಡಿದವಳಲ್ಲ. ಹಾಗಾಗಿ ಇಳಿಜಾರು ಬಂದ ಕೂಡಲೇ ಇಳಿದು, ವಾಲ್ವಿನಿಂದ ಸ್ವಲ್ಪ ಗಾಳಿ ಬಿಡತೊಡಗಿದೆ. ಟೈರು ಕೊಂಚ ಅಗಲವಾಗಿ ನೆಲ ಹಿಡಿಯುತ್ತಿತ್ತು. ಸಂಜೆ ಡಾಂಬರಿನ ಮೇಲೆ ತುಳಿದು ತುಳಿದು ಸುಸ್ತಾಗುತ್ತಿತ್ತು, ಅದು ಬೇರೆ ಮಾತು. ಹೆಚ್ಚು ಬಿಟ್ಟರೆ ಕಲ್ಲಿಗೆ ರಿಮ್ ಬಡಿದೀತೆಂಬ ಭಯ, ಕಡಿಮೆ ಬಿಟ್ಟರೆ ಜಾರೀತೆಂಬ ಭಯ.

ದಿನಾ ಸಂಜೆ ಮೆತ್ತಗಾಗಿ ಬರುವ ಟೈರು ನೋಡಿ ಮಾವನವರು ಟ್ಯೂಬು ಬಿಚ್ಚಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರು. ಗುಳ್ಳೆ ಏಳಲಿಲ್ಲ. "ಎಲ್ಲಿ ಸೋರ್ತದೋ ತಿಳೀವಲ್ದು. ನಾಳಿಂದ ಕೂಸಿನ್ನ ಇದರ ಮ್ಯಾಲ ಒಯ್ಯಬ್ಯಾಡ. ನೀನೂ ಹೋಗಬ್ಯಾಡ" ಎಂದರು. ಶಾಲೆಯ ಕಡೆಗೆ ಬಸ್ಸಿಲ್ಲ; ಸೈಕಲ್ ಹೋದರೆ ನನ್ನ ನೌಕರಿಯೂ ಹೋದಂತೆ. ಅಷ್ಟರಲ್ಲಿ ಮಗಳು, "ಅವ್ವನೇ ಬಿಡ್ತಾಳ ಮುತ್ಯಾ, ಬೀಳ್ತೀವಿ ಅಂತ" ಎಂದು ಅಜ್ಜನಿಗೆ ಹೇಳಿಯೇಬಿಟ್ಟಳು.

ಮಾವನವರು ನನ್ನ ಕಡೆ ನೋಡಲಿಲ್ಲ. ಟ್ಯೂಬು ಒಳಗೆ ಹಾಕಿ ಪಂಪು ಹೊಡೆದರು. ಅರ್ಧಕ್ಕೇ ನಿಲ್ಲಿಸಿ ಪಕ್ಕಕ್ಕೆ ಸರಿದರು.

"ಚೀಲ ಅಲ್ಲ, ಕೂಸು ಕೂಡ್ತದ. ನೀನೇ ಒತ್ತಿ ನೋಡು."

ಒತ್ತಿದೆ. ಇನ್ನೂ ಗಟ್ಟಿಯಿತ್ತು. "ಹೂಂರಿ" ನಾಲಿಗೆಯ ತುದಿಗೆ ಬಂದಿತ್ತು.

"ಇನ್ನಾ ಸ್ವಲ್ಪ ಬಿಡ್ರಿ, ಮಾವಾರ" ಎಂದೆ.