ನಮ್ಮ ಕೊಬ್ಬರಿ, ಯಾರದ್ದೋ ಎಣ್ಣೆ

ಸ್ನೇಹಿತರೇ, ಮಿಲ್ಲಿಗೆ ಕೊಬ್ಬರಿ ಕೊಟ್ಟು ನೀವು ತರುವ ಎಣ್ಣೆ ನಿಮ್ಮ ಕೊಬ್ಬರಿಯದ್ದೇ ಅಂತ ಗ್ಯಾರಂಟಿ ಉಂಟಾ? ನಾನು ಇವತ್ತಿನವರೆಗೆ ಕೇಳಿಯೇ ಇರಲಿಲ್ಲ.

ನಮ್ಮ ಅತ್ತಿಗೆ ಉಡುಪಿಯ ಬನ್ನಂಜೆಯ ಮನೆಯಲ್ಲೇ ಸಾಬೂನು ಮಾಡುತ್ತಾರೆ. ಮಣಿಪಾಲದ ಅಂಗಡಿಯೊಂದಕ್ಕೆ ಕೊಡಲು 'ನಮ್ಮ ತೋಟದ ಸಾವಯವ ತೆಂಗಿನೆಣ್ಣೆಯ ಸಾಬೂನು' ಎಂದು ಲೇಬಲ್ ಪ್ರಿಂಟ್ ಮಾಡಿಸಿ ಆಗಿದೆ. ಕಾಪುವಿನ ನಮ್ಮ ತೋಟ ಸೆಗಣಿ, ಬೂದಿ, ಸೊಪ್ಪು ಬಿಟ್ಟು ಬೇರೆ ಗೊಬ್ಬರ ಕಂಡದ್ದಿಲ್ಲ.

ಬೆಳಿಗ್ಗೆ ಇಬ್ಬರೂ ಕೊಬ್ಬರಿ ತೆಗೆದುಕೊಂಡು ಮಿಲ್ಲಿಗೆ ಹೋದೆವು. ಮಿಲ್ಲಿನವರು ಅದನ್ನು ತೂಗಿ, ಮೂಲೆಯ ದೊಡ್ಡ ರಾಶಿಗೆ ಸುರಿದು, ಡ್ರಮ್ಮಿನಿಂದ ಎಣ್ಣೆ ಅಳೆದು ಕೊಟ್ಟರು.

"ಇದು ಯಾರ ಕೊಬ್ಬರಿಯ ಎಣ್ಣೆ?" ಎಂದು ಕೇಳಿದೆ.

"ಎಲ್ಲರದ್ದೂ. ನಿಮ್ಮದು ನಾಳೆ ಮಿಲ್ಲಿಗೆ ಬೀಳ್ತದೆ."

"ನಮ್ಮದನ್ನೇ ಬೇರೆ ಮಾಡಿ ಕೊಡಲಿಕ್ಕೆ ಆಗುದಿಲ್ವಾ?"

"ಒಂದು ಚೀಲಕ್ಕೆ ಇಡೀ ಮಿಲ್ಲು ತೊಳಿಲಿಕ್ಕೆ ಆಗ್ತದಾ ಮಾರಾಯ್ರೆ? ಎಣ್ಣೆಯಲ್ಲಿ ಎಂತ ನಿಮ್ಮದು, ಅವರದ್ದು?"

ಇದನ್ನು ಬರೆಯಲು ನಾನು ಈ ಸೈಬರ್ ಕೆಫೆಗೆ ಹೊರಡುವಾಗ ಅತ್ತಿಗೆ ಲೇಬಲ್‌ಗಳ ರಾಶಿ ಮುಂದಿಟ್ಟುಕೊಂಡು, 'ನಮ್ಮ ತೋಟದ ಸಾವಯವ' ಎಂಬಷ್ಟನ್ನು ಕಪ್ಪು ಪೆನ್ನಿನಲ್ಲಿ ಹೊಡೆದು ಹಾಕುತ್ತಾ ಕೂತಿದ್ದರು.

ನನಗೆ ಮಾತ್ರ ಬೇರೆಯೇ ಕುತೂಹಲ. ಇಷ್ಟು ವರ್ಷ ನಮ್ಮ ಸಾವಯವ ಎಣ್ಣೆಯಲ್ಲಿ ಉಡುಪಿಯ ಯಾರ ಮನೆಯವರು, ಏನೂ ಗೊತ್ತಿಲ್ಲದೆ, ಬಂಗುಡೆ ಮೀನು ಹುರಿದು ತಿಂದಿರಬಹುದು?