ಗಂಟಿಗೆ ಹೋದ ಅಪ್ಪಣೆ

ಅವ್ವನ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕಾಣಿಸಿಕೊಂಡಿದ್ದು ಎಪ್ಪತ್ತರ ದಶಕದ ಒಂದು ಆಷಾಢದಲ್ಲಿ. ರಾವಂದೂರಿನ ಹತ್ತಿರದ ನಮ್ಮ ಹೊಲದಲ್ಲಿ ಆಗ ಹೊಗೆಸೊಪ್ಪಿನ ತುದಿ ಮುರಿಯುವ ಕೆಲಸ. ಗಂಟಿನ ವಿಷಯ ಅವ್ವ ಹೇಳಿದ್ದು ನನಗೊಬ್ಬಳಿಗೇ. ಅಪ್ಪನಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಇಬ್ಬರೂ ಮೈಸೂರಿನ ಬಸ್ಸು ಹತ್ತಿದೆವು.

ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಒತ್ತಿ ನೋಡಿದವರೇ, "ಇದನ್ನ ಈ ವಾರವೇ ತೆಗೀಬೇಕು" ಎಂದರು.

ವಾಪಸು ಬರುವಾಗ ಅವ್ವ ಹುಣಸೂರು ದಾಟುವವರೆಗೂ ಕಿಟಕಿಯಾಚೆಯ ಹೊಗೆಸೊಪ್ಪಿನ ಹೊಲಗಳನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಒಗೆಸೊಪ್ಪಿನ ತುದಿ ಮುರುದ್ರೆ ಏನಾಯ್ತದೆ? ಎಲೆಬುಡದಲ್ಲೆಲ್ಲ ಚಿಗುರು ಒಡೀತದೆ. ಇದೂ ಅಂಗೇ ಕಣೆ. ಕುಯ್ದ್ರೆ ಮೈಯೆಲ್ಲ ಒಡೀತದೆ" ಎಂದಳು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗುತ್ತಿದ್ದವಳು. ವಾದ ಮಾಡಬೇಕಿತ್ತು. ಆದರೆ ತುದಿ ಮುರಿದ ಗಿಡ ವಾರದೊಳಗೆ ಚಿಗುರುವುದನ್ನು ಕಣ್ಣಾರೆ ಕಂಡವಳು, ಮೇಲಾಗಿ ಕತ್ತಿ ಕತ್ತರಿಯ ಭಯ ಅವ್ವನಿಗಿಂತ ನನಗೇ ಹೆಚ್ಚಿತ್ತು. "ನೀನೇಳದು ಸರಿ ಕಣವ್ವ, ಬುಡು" ಎಂದುಬಿಟ್ಟೆ.

ಮುಂದಿನ ಮೂರು ತಿಂಗಳು ಅವ್ವ ಬಿಂದಿಗೆ ಎತ್ತುವಾಗಲೆಲ್ಲ ಅವಳ ಎಡಗೈಯನ್ನೇ ನೋಡುತ್ತಿದ್ದೆ. ಒಂದು ದಿನ ಆ ಕೈ ಮೇಲೇಳಲಿಲ್ಲ. ಅಪ್ಪನಿಗೆ ಎಲ್ಲ ಹೇಳಿ ಅವತ್ತೇ ಅವ್ವನನ್ನು ಮೈಸೂರಿಗೆ ಹೊರಡಿಸಿಕೊಂಡು ಹೋದೆ.

ಡಾಕ್ಟರಮ್ಮನ ಬೆರಳು ಅವ್ವನ ಕಂಕುಳಲ್ಲಿ ನಿಂತಿತು. ಯಾಕೆ ತಡ ಮಾಡಿದಿರಿ ಎಂದು ಕೇಳಿದರು. ಅವ್ವ ಹೊಗೆಸೊಪ್ಪಿನ ಕತೆ ಹೇಳಿದಳು. ಅವರು ನಗಲಿಲ್ಲ.

"ಗಿಡದಲ್ಲಿ ತುದಿಯೇ ಕೆಳಗಿನ ಚಿಗುರಿಗೆ ಸುಮ್ಮನಿರು ಅನ್ನುತ್ತಮ್ಮ, ಅದನ್ನ ಮುರಿದರೆ ಚಿಗುರು ಏಳುತ್ತೆ. ಈ ಗಂಟು ಯಾರನ್ನೂ ಸುಮ್ಮನಿರಿಸಲ್ಲ. ನಿಮ್ಮ ಅಂಡಾಶಯದಿಂದ ಒಂದು ರಸ ರಕ್ತಕ್ಕೆ ಸೇರುತ್ತೆ. ಬೆಳಿ ಅಂತ ಅದು ಅಪ್ಪಣೆ ಕೊಟ್ಟರೆ ಗಂಟಿನ ಕಣಗಳು ಕೇಳುತ್ತವೆ. ಕೆಲವು ಕಣ ಆಗಲೇ ಕಂಕುಳಿಗೆ ಬಂದು ಕೂತಿವೆ. ಈಗ ಎದೆಯ ಜೊತೆ ಅಂಡಾಶಯವನ್ನೂ ತೆಗೆದು ನೋಡೋಣ. ಅಪ್ಪಣೆ ನಿಂತರೆ ಕೆಲವರಿಗೆ ಸ್ವಲ್ಪ ಕಾಲ ಸಿಗುತ್ತೆ."

"ನನ್ ಮೈಯೇ ಅದ್ಕೆ ಬೆಳಿ ಅಂತದಾ?" ಎಂದು ಅವ್ವ ಕೇಳಿದಳು.

"ಹೌದಮ್ಮ. ಮೊದಲ ಸಲವೇ ತೆಗೆದಿದ್ದರೆ ಇಷ್ಟು ದೂರ ಬರ್ತಿರಲಿಲ್ಲವೇನೋ."

ಅವ್ವ ಸೆರಗು ಹೊದ್ದುಕೊಂಡು, ನನ್ನ ಮುಖ ನೋಡದೆ, ಡಾಕ್ಟರಮ್ಮನಿಗೆ ಹೇಳಿದಳು:

"ಇವ್ಳು ಅವತ್ತೇ ಮಾಡುಸ್ಕೋ ಅಂತ ಬಡ್ಕೊಂಡ್ಲು ಕಣ್ರವ್ವ. ನಾನೇ ಕೇಳ್ನಿಲ್ಲ."